ಏಳನೇ ಕಾಲಮ್ಮು

ನಮ್ಮ ಆಫೀಸಿನ ಫಾರಮ್ಮಿನಲ್ಲಿ ಏಳನೇ ಕಾಲಮ್ಮು: ಸ್ಯಾಗ್.
ಇಷ್ಟು ಮೀಟರು, ಇಷ್ಟು ಸೆಂಟಿಮೀಟರು,
ಹೊತ್ತು, ಬಿಸಿಲು, ಗಾಳಿ ಯಾವ ಕಡೆಯದು.
ಮೊದಲ ವರ್ಷ ನಾನದನ್ನು
ಓಮ್, ವೋಲ್ಟ್‌ಗಳ ಹಾಗೆ
ಎಂದೋ ಸತ್ತ ಸಾಹೇಬನೊಬ್ಬನ ಹೆಸರೆಂದೇ ತಿಳಿದಿದ್ದೆ.

ಕೋಡಿಬಾಗದ ದಂಡೆಯಲ್ಲೊಂದು ಟವರು,
ಆಚೆ ಸದಾಶಿವಗಡದ ಗುಡ್ಡದ ಬುಡದಲ್ಲೊಂದು.
ನಡುವೆ ಕಾಳಿ,
ಇನ್ನೇನು ಕಡಲು ಬಂತಲ್ಲ ಎಂಬ ಉದಾಸೀನದಲ್ಲಿ.
ಮೇಲೆ ಮೂರು ತಂತಿ.
ಲೈನ್‌ಮನ್ ಹಮ್ಮಣ್ಣ ಗುನಗಾ ಕಂಬಕ್ಕೆ ಕಟ್ಟಿದ ಹಲಗೆಯಿಂದ
ಆ ಬದಿಯ ಹಲಗೆಗೆ ಒಂದು ಕಣ್ಣು ಹಿಡಿದು
ಕೂಗಿ ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ:
'ಜಗ್ಗು ಆರೂ ನಲವತ್ತು, ಬರ್ಕಳ್ರಾ!'

ಅವನ ಬಾಯಲ್ಲಿ ಸ್ಯಾಗ್ ಇರಲಿಲ್ಲ.

ಧಾರವಾಡದಿಂದ ಹೊಸದಾಗಿ ಬಂದ ಎಂಜಿನಿಯರರಿಗೆ
ಜೋತದ್ದೆಲ್ಲ ಸೋಮಾರಿತನ.
ಇಸ್ತ್ರಿ ಮಾಡಿದ ಅಂಗಿಯಂಥ ತಂತಿ ಬೇಕು ಅವರಿಗೆ.
ಎಳೆಯಿರಿ, ಇನ್ನೂ ಎಳೆಯಿರಿ ಎಂದರು ಏಪ್ರಿಲ್ಲಿನ ನಡುಮಧ್ಯಾಹ್ನ,
ಕೈಬೆರಳಿನಲ್ಲಿ ಗಾಳಿಗೊಂದು ಗೆರೆ ಗೀಚಿ.
ಹಮ್ಮಣ್ಣ ಬೀಡಿ ನಂದಿಸಿ ಕಿವಿಗೆ ಸಿಕ್ಕಿಸಿಕೊಂಡ.
'ಎಳೀಲಕ್ಕು ಸಾಯೇಬ್ರೆ.
ಮಾಗಿಯ ಬೆಳಗಾಗ ಅದು ತಾನೇ ಮುದುಡ್ಕಂತದೆ,
ಆಗ ಕೊಡೂಕೆ ಅದರ ಕೈಲಿ ಎಂತ ಉಳೀತದೆ?'
ಆಮೇಲೆ, ತಗ್ಗಿದ ದನಿಯಲ್ಲಿ:
'ಹಾಂಗಂದಿ ಪೂರಾ ಬಿಟ್ರೂ ಆಗೂದಿಲ್ಲ,
ಕೆಳಗೆ ಬೋಟಿನ ಕಂಬ ಹೋಗ್ಬೇಕು.'

ಆ ಸಂಜೆ ಜಿಲ್ಲಾ ಗ್ರಂಥಾಲಯದಲ್ಲಿ
ಎರಡೂ ಕೈಯಲ್ಲಿ ಎತ್ತಬೇಕಾದ ನಿಘಂಟು ತೆರೆದೆ.
ಬೆನ್ನು ಹರಿದಿತ್ತು, ನಡುವಿನ ಹಾಳೆಗಳು
ಕಪಾಟಿನಲ್ಲಿ ನಿಂತೂ ನಿಂತೂ ಕೆಳಗಿಳಿದಿದ್ದವು.
ಸ್ಯಾಗ್: ತಗ್ಗು, ಜೋಲು, ಭಾರಕ್ಕೆ ನಡು ಬಾಗು.
ಮೂಲ ಖಚಿತವಿಲ್ಲ.
ಬಹುಶಃ ಉತ್ತರದ ಕಡಲ ದಂಡೆಯವರ ಮಾತು,
ಮಡ್ಡಿ ತಳಕ್ಕಿಳಿಯುವುದಕ್ಕೆ, ನೀರು ಇಳಿಯುವುದಕ್ಕೆ.
ಹಳೆಯ ನಾವಿಕರಲ್ಲಿ: ಗಾಳಿಯ ಒತ್ತಿಗೆ
ಹಡಗು ಹಿಡಿದ ದಾರಿಯಿಂದ ಪಕ್ಕಕ್ಕೆ ಸರಿಯುವುದು.

ಬಹುಶಃ.
ಚಳಿಯ ಸಮುದ್ರದಲ್ಲಿ ಗಡ್ಡದ ಯಾವನೋ ಒಬ್ಬ
ಉಪ್ಪುಮೀನಿನ ಹೇರು ಹೊತ್ತ ದೋಣಿ ನೋಡಿ
ಗಂಟಲಿನಿಂದ ಒಂದು ಸದ್ದು ತೆಗೆದಿರಬೇಕು.
ಬೈತಖೋಲದಲ್ಲಿ ನನ್ನ ಸೋದರಮಾವನೂ ತೆಗೆಯುತ್ತಿದ್ದ
ಅಂಥದೇ ಒಂದು, ಬಂಗಡೆ ಹೆಚ್ಚಾದ ದಿನ.
ಅದು ಯಾವ ನಿಘಂಟಿಗೂ ಹೋಗಲಿಲ್ಲ.

ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯೋಣವೆನಿಸಿತು:
ನೋಡಿ, ಜಗ್ಗು.
ಸುಳ್ಳು ನೆಂಟಸ್ತಿಕೆ ಎಂದು ಗೊತ್ತು.
ಒಂದೇ ಬಸ್ಸಿನಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟ
ಇಬ್ಬರು ಅಪರಿಚಿತರ ಹಾಗೆ ಈ ಎರಡು ಪದ.
ಆದರೂ ನಮ್ಮದರಲ್ಲಿ ಏನೋ ಹೆಚ್ಚಿಗೆ ಇದೆ:
ಹಗ್ಗ ಜಗ್ಗುವವನೂ ಜಗ್ಗುತ್ತಾನೆ,
ಭಾರಕ್ಕೆ ಹಗ್ಗವೂ ಜಗ್ಗುತ್ತದೆ.
ಎಳೆಯುವುದು, ಎಳೆತಕ್ಕೆ ಮಣಿಯುವುದು,
ಎರಡಕ್ಕೂ ಒಂದೇ ಮಾತು ಸಾಕೆಂದುಕೊಂಡವರು ಯಾರೋ.

ಚಂದ್ರಭಾಗಿ, ನನ್ನ ಅಮ್ಮ,
ಎರಡು ತೆಂಗಿನ ನಡುವೆ ಹಗ್ಗ ಕಟ್ಟಿ ಬಟ್ಟೆ ಹರವುತ್ತಿದ್ದಳು.
ಅಪ್ಪನ ಖಾಕಿ ಪ್ಯಾಂಟಿಗೆ ಹಗ್ಗ ಮರಳು ಮುಟ್ಟುತ್ತಿತ್ತು.
ಆಗ ಕವೆಗೋಲು ಕೊಟ್ಟು ನಡು ಎತ್ತುವಳು,
ಬಟ್ಟೆ ಒಣಗಿದಂತೆ ಕೋಲು ತಾನೇ ಕೆಳಗೆ ಬೀಳುವುದು.
ಹೋದ ವರ್ಷ ಅವಳ ಎಡಗಣ್ಣಿನ ರೆಪ್ಪೆ ಇಳಿಯಿತು.
ಡಾಕ್ಟರು ಅದಕ್ಕೊಂದು ಗ್ರೀಕ್ ಹೆಸರು ಹೇಳಿದರು.
ಅವಳು ತೋರುಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು
ಪಾಪ್ಲೇಟಿನ ಕಿವಿರು ಕೆಂಪೋ ಅಲ್ಲವೋ ನೋಡಿ
ಚೌಕಾಸಿ ಮಾಡಿದಳು, ಇಪ್ಪತ್ತು ರೂಪಾಯಿ ಇಳಿಸಿದಳು.

ಡಿಸೆಂಬರಿನ ಒಂದು ಬೆಳಗ್ಗೆ ಆರಕ್ಕೆ
ಮತ್ತೆ ಅದೇ ದಂಡೆ. ಮಂಜಿನಲ್ಲಿ ತಂತಿ ಕಾಣದು,
ಅದರ ಮೇಲೆ ಕೂತ ಮೂರು ಹಕ್ಕಿ ಮಾತ್ರ
ಯಾವುದಕ್ಕೂ ತಾಗದೆ ಕೂತ ಹಾಗೆ.
ಹಮ್ಮಣ್ಣ ಕಣ್ಣು ಹಿಡಿದ. ಎಂಜಿನಿಯರರು ಕಿವಿಗೆ ಮಫ್ಲರ್ ಸುತ್ತಿ
ಏನೂ ಹೇಳದೆ ನನ್ನ ಪುಸ್ತಕ ನೋಡಿದರು.
'ಐದೂ ತೊಂಬತ್ತು.'
ಅರ್ಧ ಮೀಟರು ಕೊಟ್ಟಿತ್ತು ತಂತಿ, ತುಂಡಾಗದೆ.

ಅಂದು ಏಳನೇ ಕಾಲಮ್ಮಿನ ತಲೆಬರಹ ಹೊಡೆದು
ಕನ್ನಡದಲ್ಲಿ ಜಗ್ಗು ಎಂದು ಬರೆದೆ, ಕೆಳಗೆ ಅಂಕಿ.
ವಾರದ ಮೇಲೆ ಫೈಲು ಹಿಂದಿರುಗಿತು,
ಕೆಂಪು ಶಾಯಿಯಲ್ಲಿ ಒಂದೇ ಒಂದು ಷರಾ:
ಮೀಟರೋ ಫೂಟೋ, ನಮೂದಿಸಿಲ್ಲ.