ನಿಧಾನ ನಡೆಯುವವರಿಗೆ

ಲಿಪಾನಾಲಿಯ ರಾತ್ರಿ ಮೇಜಿನ ಮೇಲೆ ಚಾಕು ಇಡುವುದಿಲ್ಲ,
ಬಂದ ಹಿರಿಯರ ಕೈಗೆ ತಾಗೀತು ಎಂದು.
ಕೈಯೇ ಇಲ್ಲದವರಿಗೆ ತಾಗುವುದೇನು
ಎಂದು ಏಳು ವರ್ಷದವನಿದ್ದಾಗ ಕೇಳಿದ್ದೆ.
ಅಪ್ಪ ತಲೆಗೊಂದು ಮೊಟಕಿದ,
ಅದೇ ಉತ್ತರ.

ಎಂಗುರಿ ನದಿ ಹಿಮದ ಕೆಳಗೆ ಗೊರಕೆ ಹೊಡೆಯುತ್ತಿದೆ.
ನಾಟೆಲಾ ಹೊಸ್ತಿಲ ಮುಂದಿನ ಹಿಮ ಗೋರಿ ದಾರಿ ಮಾಡಿದ್ದಾಳೆ;
ಹೆಜ್ಜೆ ಮೂಡದವರಿಗೂ ದಾರಿ ಬೇಕಂತೆ.
ಬೆಂದ ಕಾಳು, ಬಾರ್ಲಿ ರೊಟ್ಟಿ, ಚೀಸ್ ಕಲಸಿದ ಹಿಟ್ಟು,
ಅಪ್ಪನ ಜಾಗದಲ್ಲಿ ಒಂದು ಲೋಟ ಅರಕಿ,
ಬದುಕಿದ್ದಾಗ ಬೈದು ಬೈದು ಕಸಿದುಕೊಳ್ಳುತ್ತಿದ್ದ ಲೋಟ.

ಈ ಸಲ ಎಲ್ಲರೂ ನನ್ನನ್ನೇ ನೋಡುತ್ತಾರೆ.
ಯಾಕೆಂದರೆ ನವೆಂಬರಿನಲ್ಲಿ ನಾನು ಸತ್ತಿದ್ದೆ.
ಗುಡ್ಡದ ಹಿಮ ಜಾರಿತು: ಮೊಣಕಾಲು, ಎದೆ, ಬಾಯಿ.
ಅಗೆದು ತೆಗೆದರು, ಜೀಪಿನಲ್ಲಿ ಹಾಕಿದರು,
ಮೆಸ್ತಿಯಾ ಆಸ್ಪತ್ರೆಯ ಬಾಗಿಲಲ್ಲಿ ಎದೆ ನಿಂತಿತಂತೆ.
ಇನ್ನೂ ಮೊಡವೆ ಮಾಯದ ಡಾಕ್ಟರ್ ಹುಡುಗಿ
ಎರಡು ಪಕ್ಕೆಲುಬು ಮುರಿದು ನನ್ನನ್ನು ವಾಪಸು ತಂದಳು.
ಕಾಗದದಲ್ಲಿ ಬರೆದುಕೊಟ್ಟಿದ್ದಾಳೆ, ಮುದ್ರೆ ಸಮೇತ:
ನಾಲ್ಕು ನಿಮಿಷ.

ಅಂದಿನಿಂದ ನಾನು ಊರಿನ ಅಂಚೆಯವನು.
ರೊಟ್ಟಿ ಅಂಗಡಿಯ ಸಾಲಿನಲ್ಲಿ ಬಿಡ್ಜಿನಾ: ನಮ್ಮಜ್ಜಿ ಸಿಕ್ಕಳಾ,
ಹೊಲದ ಕಾಗದ ಎಲ್ಲಿಟ್ಟಳು ಕೇಳಿದೆಯಾ?
ಪಾದ್ರಿ ಬೆಳಕಿನ ಬಣ್ಣ ಕೇಳಿದ.
ತಿಬ್ಲಿಸಿಯಲ್ಲಿ ಓದುವ ಸೋದರಳಿಯ, ಮಿದುಳಿಗೆ ಉಸಿರು ತಪ್ಪಿದರೆ
ಹಾಗೆಲ್ಲ ಕಾಣುವುದು ಸಹಜ ಮಾವ ಎಂದ.
ಏನೂ ಕಾಣಲಿಲ್ಲವೋ ಎಂದೆ.
ಅವನ ಮುಖವೂ ಸಪ್ಪೆಯಾಯಿತು.

ಕತ್ತಲೆ ಅಂತಲೂ ಹೇಳಲಾರೆ.
ಕತ್ತಲೆಯಾದರೆ ಅದನ್ನು ನೋಡಲು ನಾನಿರಬೇಕಿತ್ತಲ್ಲ.
ಯಾರೋ ನಡುವಿನ ಹಾಳೆ ಹರಿದ ಲೆಕ್ಕದ ಪುಸ್ತಕ,
ಸಾಲ ಇದೆ, ಬಡ್ಡಿ ಇದೆ,
ಕೊಟ್ಟ ದಿನವಿಲ್ಲ.

ಒಂದಿದೆ. ಕಣ್ಣು ಬಿಟ್ಟಾಗ ಮೂಗಿನ ತುಂಬ
ಒದ್ದೆ ಉಣ್ಣೆಯ ವಾಸನೆ, ಅಪ್ಪನ ಟೊಪ್ಪಿಯದು.
ಆಸ್ಪತ್ರೆಯ ಕಂಬಳಿಯೂ ಉಣ್ಣೆಯದೇ, ವಿಚಾರಿಸಿದ್ದೇನೆ.
ನಾಟೆಲಾಗೂ ಹೇಳಿಲ್ಲ ಇದನ್ನು.
ಹೇಳಿದರೆ ಅವರೆಲ್ಲ ಗೆದ್ದುಬಿಡುತ್ತಾರೆ.

ಇವ್ಲಿತಾ ಅಜ್ಜಿ ಬಂದದ್ದು ಕಡೆಗೆ,
ಎಲ್ಲರೂ ಹೋದ ಮೇಲೆ, ಒಲೆ ತಣಿಯುವಾಗ.
ಅವಳ ಆಲ್ಮಸ್ಖಾನನ ಕಾಲ ಮೇಲೆ ಮರದ ದಿಮ್ಮಿ ಉರುಳಿತ್ತು.
ಆಮೇಲೆ ಎರಡು ಚಳಿಗಾಲ ಕುಂಟಿದ, ಮೂರನೆಯದಕ್ಕೆ ಉಳಿಯಲಿಲ್ಲ.
ನಮ್ಮಲ್ಲಿ ಗಟ್ಟಿ ಕಾಲಿನ ಸತ್ತವರು ಮೊದಲು ಹೊರಟುಬಿಡುತ್ತಾರೆ.
ಕುಂಟರು, ಕುರುಡರು, ತೀರ ಮುದುಕರು ಹಿಂದೆ ಉಳಿಯುತ್ತಾರೆ;
ಅವರಿಗೆ ಬೇರೆ ದಿನ, ಬೇರೆ ಊಟ.
ಒಂಬತ್ತು ವರ್ಷದಿಂದ ಅವಳು ಆ ದಿನವೇ ಬಡಿಸುತ್ತಾಳೆ.

ಸಿಕ್ಕನಾ ಎಂದು ಕೇಳಲಿಲ್ಲ ಅವಳು.
ಅಲ್ಲೂ ಕುಂಟುತ್ತಾನಾ, ಎಂದಳು.

ಹೌದೆಂದರೆ ಆ ನೋವು ಇನ್ನೂ ಮುಗಿದಿಲ್ಲ.
ಇಲ್ಲವೆಂದರೆ ಒಂಬತ್ತು ವರ್ಷ ತಪ್ಪು ದಿನ ಬಡಿಸಿದಳು,
ಮಗ ಹಸಿದು ಮರಳಿದ.
ಒಲೆಯ ಕೆಂಡ ಕೆದಕಿದೆ. ಅಗತ್ಯವಿರಲಿಲ್ಲ.

ಕಾಲು ನೆಟ್ಟಗಾಗಿದೆ ಅಜ್ಜಿ, ಎಂದೆ.
ಆದರೆ ಕುಂಟುವವರ ಕೈ ಹಿಡಿದು ಬರುತ್ತಾನೆ,
ಅದಕ್ಕೇ ತಡ.

ಅವಳು ಅಳುತ್ತಾಳೆಂದುಕೊಂಡೆ.
ಎಷ್ಟು ಜನ, ಎಂದಳು.
ಬಾಯಿಗೆ ಬಂದದ್ದು ಹೇಳಿದೆ: ಆರು.
ಅಷ್ಟು ಚಮಚ ನನ್ನಲ್ಲಿಲ್ಲವಲ್ಲ, ಎಂದು
ನಮ್ಮ ಗೂಡಿನಿಂದ ಎಣಿಸಿ ಎಣಿಸಿ ಒಯ್ದಳು.

ಈಗ ಫೆಬ್ರುವರಿ ಮುಗಿಯುತ್ತ ಬಂತು.
ಚಮಚ ಕೇಳಿ ತಾ ಎಂದು ನಾಟೆಲಾ ದಿನಾ ಗೊಣಗುತ್ತಾಳೆ.
ಅವಳ ಬೇಲಿಯ ತನಕ ಹೋಗುತ್ತೇನೆ.
ಕಿಟಕಿಯಲ್ಲಿ ದೀಪವಿರುತ್ತದೆ.
ಇನ್ನೂ ಉಣ್ಣುತ್ತಿದ್ದಾರೇನೋ ಎಂದು
ವಾಪಸು ಬರುತ್ತೇನೆ.