ನಲವತ್ತು ಸಲ

ಗ್ಯಾಸಿನ ಅಂಗಡಿಯವನು ಮನೆ ನಂಬರು ಕೇಳುತ್ತಾನೆ.
ಬ್ರಿಟೋನಾ ಜೆಟ್ಟಿಯಿಂದ ಒಂದು ಕೂಗಿನ ದೂರ, ಬರಕೋ,
ಎನ್ನುತ್ತಾನೆ ವಿಠೋಬಾ. ಅವನು ಬರೆದುಕೊಳ್ಳುವುದಿಲ್ಲ.
ಸಿಲಿಂಡರು ಚಹಾದಂಗಡಿಯ ಹತ್ತಿರ ಇಳಿದು
ಪುಟ್ಟ ದೋಣಿಯಲ್ಲಿ ಬೀಗರ ಹಾಗೆ ನಡುವೆ ಕೂತು ಬರುತ್ತದೆ.

ಮೂವತ್ತೊಂದು ಅಡಿ ಉದ್ದ ನಮ್ಮ ಮನೆ.
ಯಾವನೋ ಪರದೇಶದವನು ಲಂಗರು ಹಾಕಿ ಹೋದವನು
ಮತ್ತೆ ಬರಲಿಲ್ಲ. ಅವನಿಟ್ಟ ಹೆಸರು ಹಿಂಬದಿಯಲ್ಲಿ ಹಾಗೇ ಇದೆ,
ನಮಗಿಬ್ಬರಿಗೂ ಓದಲು ಬಾರದು. ಅಳಿಸಬಾರದಂತೆ,
ಕಡಲಿಗೆ ಗುರುತು ತಪ್ಪುತ್ತದಂತೆ.
ವಿಠೋಬಾ ಅದನ್ನು ಮುದುಕಿ ಎನ್ನುತ್ತಾನೆ.
ನನ್ನನ್ನೇ ಕರೆದನೇನೋ ಎಂದು ಎಷ್ಟೋ ಸಲ ತಿರುಗಿದ್ದೇನೆ.

ನವಲಗುಂದದ ಎರೆಮಣ್ಣಿನವಳು ನಾನು, ನಿಂಬೆವ್ವ.
ಈಜು ಬಾರದು.
ವಾಸ್ಕೋದಲ್ಲಿ ಹೊಲಿಗೆ ಮಶಿನ್ ಇಟ್ಟುಕೊಂಡಿದ್ದೆ;
ಹರಿದ ಹಾಯಿ ಹೊತ್ತುಕೊಂಡು ಬಂದ ಈ ತಾಂಡೇಲ
"ಇದಕ್ಕೊಂದು ಫಾಲ್ಸ್ ಹಚ್ಚತೀರೇನ್ರಿ?" ಅಂದ.
ನಲವತ್ತೆರಡು ತುಂಬಿತ್ತು ನನಗೆ. ನಕ್ಕೆ.
ಆ ನಗುವಿಗೇ ಇಷ್ಟೆಲ್ಲ ಆಯಿತು.

ದೇವರ ಗೂಡಿಗೆ ಇಲ್ಲಿ ದಿಕ್ಕಿಲ್ಲ.
ಮೂಡಣಕ್ಕೆ ಮುಖ ಮಾಡಿ ದೀಪ ಹಚ್ಚಿರುತ್ತೇನೆ,
ಉಬ್ಬರ ತಿರುಗಿತೆಂದರೆ ಮಾಂಡೋವಿ ನಮ್ಮನ್ನು
ಭುಜ ಹಿಡಿದು ತಿರುಗಿಸುತ್ತಾಳೆ.
ಊದುಬತ್ತಿ ಮುಗಿಯುವಷ್ಟರಲ್ಲಿ ಎಲ್ಲಮ್ಮ ಪಡುವಣಕ್ಕೆ.
ಬೇಸರಪಟ್ಟ ಹಾಗೆ ಕಾಣೆ. ಎರಡೂ ದಡ ನೋಡಿದಳಲ್ಲ.

ಸಿಹಿನೀರು ದಿನಕ್ಕೆ ಎರಡು ಕೊಡ.
ಜೋಳದ ರೊಟ್ಟಿ ಬಡಿದರೆ ಇಡೀ ಮನೆ ಮದ್ದಳೆ,
ಆಚೆ ಬಾರ್ಜಿನ ಹುಡುಗರು ಹೊರಗೆ ಬಂದು ಇಣುಕುತ್ತಾರೆ.
ಅವರಿಗೂ ಎರಡು ಕಟ್ಟಿಕೊಡುತ್ತೇನೆ, ಚಟ್ನಿಪುಡಿ ಹಾಕಿ.
ರಾತ್ರಿ ಪಣಜಿಯ ಕಡೆ ಕ್ಯಾಸಿನೋ ಹಡಗುಗಳು
ಮೈತುಂಬ ದೀಪ ಹಚ್ಚಿಕೊಂಡು ಎಲ್ಲಿಗೂ ಹೋಗದೆ ನಿಂತಿರುತ್ತವೆ.
ನಾವೂ ಹೋಗುವುದು ಕಡಿಮೆ. ಮಳೆಗಾಲ ಮುಗಿದ ಮೇಲೆ ಒಮ್ಮೆ
ಆಗ್ವಾದ ದಾಟಿದೆವು. ವಾಂತಿ ಮಾಡಿ ಬಂದೆ.

ಮಲಗುವುದು ದೋಣಿಯ ಮೂತಿಯೊಳಗೆ.
ಹಾಸಿಗೆ ಸಮೋಸದ ಆಕಾರ:
ತಲೆಗಳ ನಡುವೆ ಮೊಳ ಅಂತರ, ಪಾದಗಳಿಗೆ ಒಂದೇ ಮೂಲೆ.
ಜಗಳವಾಡಿ ಬೆನ್ನು ತಿರುಗಿಸಬಹುದು.
ಪಾದ ತಿರುಗಿಸಲು ಜಾಗವಿಲ್ಲ.

ಬೆಳಿಗ್ಗೆ, ದಡದಲ್ಲಿ ಪಾವಿನ ಸೈಕಲ್ಲು ಪೋಂ ಪೋಂ ಅನ್ನುವ ಮೊದಲೇ
ತಳದಲ್ಲಿ ಕೂಡಿದ ನೀರನ್ನು ಕೈಪಂಪಿನಿಂದ ಎತ್ತುತ್ತಾನೆ.
ಬೆಳ್ಳುಳ್ಳಿ ಸುಲಿಯುತ್ತ ನಾನು ಎಣಿಸುತ್ತೇನೆ.
ದೀಪಾವಳಿಗೆ ನಲವತ್ತು ಸಲ. ಹಳೇ ಮರ, ಅಷ್ಟು ಬೆವರುತ್ತದೆ, ಅಂದ.
ಸಂಕ್ರಾಂತಿಗೆ ಐವತ್ತು.
ಶಿಗ್ಮೋ ಹೊತ್ತಿಗೆ ಅರವತ್ತೆರಡು.
ಅಂದು ಏನೂ ಅನ್ನಲಿಲ್ಲ. ಕ್ಯಾಲೆಂಡರಿನ ಚೌಕದಲ್ಲಿ ಬರೆದು
ಪೆನ್ನು ಕಚ್ಚಿಕೊಂಡು ಕೂತ.
ಮೇಲೆತ್ತಿ ಹಲಗೆ ಬಿಚ್ಚಿ ನೋಡಲು ಯಾರ್ಡಿನವರು ಹೇಳಿದ ದುಡ್ಡಿಗೆ
ಮೂರು ಹೊಲಿಗೆ ಮಶಿನ್ ಬರುತ್ತವೆ.

ಆವತ್ತಿನಿಂದ ನಡುರಾತ್ರಿ ಏಳುತ್ತೇನೆ.
ಪಂಪಿನ ಕೀಲಿಗೆ ಕೊಬ್ಬರಿ ಎಣ್ಣೆ ಬಿಟ್ಟು, ಕಿರುಗುಟ್ಟದ ಹಾಗೆ
ಇಪ್ಪತ್ತು ಸಲ ಎತ್ತಿ ಬಂದು ಮಲಗುತ್ತೇನೆ.
ಬೆಳಿಗ್ಗೆ ಮತ್ತೆ ನಲವತ್ತು! ಅವನ ಮುಖ ನೋಡಬೇಕಿತ್ತು.
"ನೋಡಿದ್ಯಾ ನಿಂಬಾ, ಮುದುಕಿ ತಾನೇ ಗುಣ ಆದಳು."

ನಿನ್ನೆ ರಾತ್ರಿ ಎದ್ದೆ.
ಆರನೆಯ ಸಲಕ್ಕೇ ನೀರಿಲ್ಲ, ಬರೀ ಗಾಳಿ.
ಕೀಲು ಮುಟ್ಟಿ ನೋಡಿದರೆ ಆಗಲೇ ಎಣ್ಣೆ. ನನ್ನದಲ್ಲ,
ಎಂಜಿನ್ ಎಣ್ಣೆಯ ವಾಸನೆ.
ಮರಳಿ ಬಂದು ಮಲಗಿದೆ. ಅವನ ಗೊರಕೆ
ಸ್ವಲ್ಪ ಹೆಚ್ಚೇ ಅಚ್ಚುಕಟ್ಟಾಗಿತ್ತು.
ಮೂಲೆಯಲ್ಲಿ ಅವನ ಪಾದ ಒದ್ದೆ, ತಣ್ಣಗೆ.
ನನ್ನದೂ.

ಬೆಳಿಗ್ಗೆ ಬೆಳ್ಳುಳ್ಳಿ ಹಿಡಿದು ಕೂತೆ.
ಇಪ್ಪತ್ತೆಂಟಕ್ಕೆ ನೀರು ಮುಗಿದು ಪಂಪು ಕೆಮ್ಮಿತು.
ಅವನು ನಿಲ್ಲಿಸಲಿಲ್ಲ.
ಇಪ್ಪತ್ತೊಂಬತ್ತು, ಅಂದೆ.
ಮೂವತ್ತು.