ಸ್ಥಿರ ಶುಲ್ಕ

ಏಳಕ್ಕ ಬಿಲ್ ಮಷಿನ್ ಕೊಳ್ಳಿಗಿ ಹಾಕ್ಕೊಂಡು
ಶಹಾಬಾದ ಸ್ಟೇಷನ್ ಕಡಿಂದ ಹೊಂಡ್ತೀನಿ.
ಮೊದಲ ಮೀಟರು ಚಹಾದಂಗಡೀದು,
ಕಡೀದು ಸಿಮೆಂಟ್ ಫ್ಯಾಕ್ಟರಿ ಗೇಟಿಂದು.
ನಡುವ ಮುನ್ನೂರಾ ಹನ್ನೊಂದು ಮನಿ,
ಕಾಲಡಿ ಪೂರಾ ಫರಸಿ.

ಈ ಊರಾಗ ಕಲ್ಲಿಗಿ ಬರ ಇಲ್ಲ.
ಗೋಡಿಗಿ ಕಲ್ಲು, ಗಟಾರಿಗಿ ಕಲ್ಲು,
ಬಚ್ಚಲಕ್ಕೂ ಅದೇ, ಗೋರಿಗೂ ಅದೇ,
ಕುಂತು ಹರಟಿ ಹೊಡಿಯೂ ಕಟ್ಟಿಗೂ ಅದೇ.
ಹನ್ನೊಂದು ಹೊಡಿತಂದ್ರ ಬಿಸಲು ಮ್ಯಾಲಿಂದ ಬೀಳೂದಲ್ಲ,
ಕೆಳಗಿಂದ ಏಳ್ತದ.
ಅದರೊಳಗ ನನ್ನ ಓಣಿ ಮುಗೀಬೇಕು.

ಮಂದಿ ಮಾರಿ ನಾ ನೋಡೂದು ಕಡಿಮಿ.
ಮೀಟರು ಹೇಳ್ತದ.
ಖಾಜಾಬೀ ಮನ್ಯಾಗ ಹದಿನಾಲ್ಕಿದ್ದದ್ದು ಅರವತ್ತೆಂಟು ಆಗ್ಯಾದ:
ಸೊಸಿ ಬಂದಾಳ, ಹೊಲಿಗಿ ಮಷಿನಿಗಿ ಮೋಟಾರು ಕುಂತದ.
ಚಾಂದಿಬಾಯಿದು ಮೂರು ತಿಂಗಳಿಂದ ಬಾಗಿಲು ಬಂದ್,
ಕುಂಡಿಯೊಳಗಿನ ಮಲ್ಲಿಗಿಗಿ ಮಾತ್ರ
ಯಾರೋ ನೀರು ಹಾಕ್ತಾರ.
ಸೈಬಣ್ಣನ ಪಾಲಿಶ್ ಶೆಡ್ಡು
ಸಾವಿರ ಯೂನಿಟ್ ನುಂಗತಿತ್ತು, ಈಗ ನಲವತ್ತು.
“ಎಲ್ಲಾರಿಗಿ ಟೈಲ್ಸ್ ಬೇಕು, ಮಾರಿ ಕಾಣೂವಂಥಾವ.
ನನ್ನ ಕಲ್ಲಿನ ಮ್ಯಾಲ ಕಾಲಷ್ಟೇ ನಿಲ್ತಾವ.”
ಅಂದು ಕೆಮ್ಮತಾನ,
ಭಾಳ ಹೊತ್ತು.

ನೂರಾ ತೊಂಬತ್ತನೇ ಮೀಟರು ನಮ್ಮನೀದು.
ಹೊರಗಿನವರಂಗ ನಿಂತು ರೀಡಿಂಗ್ ತಗೋತೀನಿ.

ಅಪ್ಪ ಪ್ಯಾಕಿಂಗಿನ್ಯಾಗ ಇದ್ದ.
ಮನಿಗಿ ಬಂದ್ರ ಅವನ ಹುಬ್ಬು ಮೊದಲು ಕಾಣತಿದ್ದವು,
ಬೆಳ್ಳಗ; ಆಮ್ಯಾಲ ಅಪ್ಪ.
ಚಿಮಣಿ ಧೂಳು ಹಗಲೂ ರಾತ್ರಿ ತಗಡಿನ ಮ್ಯಾಲ ಕೂಡತಿತ್ತು,
ಮಳಿ ಬಿದ್ದು ಗಟ್ಟಿ ಆಗತಿತ್ತು,
ಮತ್ತ ಧೂಳು, ಮತ್ತ ಮಳಿ,
ಇಪ್ಪತ್ತು ವರ್ಷಕ್ಕ ತಗಡೇ ಸ್ಲ್ಯಾಬಾಗಿ ನಿಂತಿತು.
“ಕಂಪನಿ ಪುಕ್ಕಟ ಕಟ್ಟಿಸಿಕೊಟ್ಟದ ನೋಡು” ಅಂತ
ಅವ್ವ ನಗತಿದ್ದಳು,
ಹಪ್ಪಳ ಒಣಸಲಾಕ ಏಣಿ ಹತ್ತಕೊಂತ.

ಫ್ಯಾಕ್ಟರಿ ನಿಂತಿತು. ಗಾಳಿ ಹಸನಾಯ್ತು.
ಒಗದ ಅರಿಬಿ ಒಗದಂಗೇ ಒಣಗಿದವು.
ಬೇವಿನ ಗಿಡ ಹಸರು ಅದ ಅಂತ
ನನಗ ಆವಾಗ ಗೊತ್ತಾದದ್ದು.
ಎರಡನೇ ಮಳಿಗಾಲಕ್ಕ
ಮನಿ ಸೋರಲಾಕ ಹತ್ತಿತು.
ಬಿರಕು ತುಂಬಲಾಕ ಮ್ಯಾಲಿಂದ ಏನೂ ಬೀಳಲಿಲ್ಲ.
ಅವ್ವ ಬೋಗಾಣಿ ಇಟ್ಟಳು.

ಗೇಟಿನ್ಯಾಗ ನಾಗಿಂದ್ರಪ್ಪ.
ಒಂದು ಕಾಲಕ್ಕ ಭಟ್ಟಿ ಮುಂದ ನಿಲ್ಲಾವ,
ಈಗ ಯಾವುದೋ ಏಜೆನ್ಸಿಯ ವಾಚ್‌ಮನ್,
ಇನ್ನೊಬ್ಬರ ಅಳತಿ ಅಂಗಿ, ತೋಳು ಉದ್ದ.
ತಿಂಗಳಾ ಕೇಳ್ತಾನ, “ಎಷ್ಟು ಬಂತು?”
“ಸೊನ್ನಿ.”
“ಮತ್ತ ಬಿಲ್ಲು?”
“ಬರ್ತದ. ಸ್ಥಿರ ಶುಲ್ಕ.”
“ದೀಪ ಹಚ್ಚದಿದ್ರೂ?”
“ವೈರು ಇರೂತನಕ ಕಾಕಾ.”
ಹೂಂ ಅಂತಾನ, ತೋಳು ಮಡಚತಾನ.

ಈ ತಿಂಗಳು ಮೂರು.
ಕಣ್ಣು ತಿಕ್ಕಿ ನೋಡಿದೆ. ಮೂರೇ.
ನಾಗಿಂದ್ರಪ್ಪ ಬೇವಿನ ಗಿಡದಾಗ
ಇಲ್ಲದ ಹಕ್ಕಿ ಹುಡುಕಲತ್ತಿದ್ದ.

ಟೈಮ್ ಆಫೀಸಿನ ಬಾಗಿಲು ಒಂದೀಟು ತೆರದಿತ್ತು.
ಗೋಡಿಗಿ ಹಾಜರಿ ಕಾರ್ಡಿನ ಮರದ ಚೌಕಟ್ಟು,
ಕಂಡಿಗೊಂದು ನಂಬರು. ಅಪ್ಪಂದು ೪೧೭,
ನನಗ ನೆನಪದ.
ಅದರಾಗ ಈಗ ಯಾರದೋ ಗಣಿತದ ನೋಟ್ಸು,
೪೧೮ರಾಗ ಕಂಪಾಸು, ೪೨೦ರಾಗ ಒಂದು ಬಾಚಣಿಗಿ.
ತೂಗು ಬಲ್ಬು ಇನ್ನೂ ಬೆಚ್ಚಗಿತ್ತು.

“ಭಾಗ್ಯವಂತಿ,” ಅಂದ, ನೆಲಾ ನೋಡಕೊಂತ,
“ಮಗಳ ಮಗಳು. ಮಾರ್ಚಿಗಿ ಹತ್ತನೇತ್ತಾ.
ಮನ್ಯಾಗ ಒಂಬತ್ತು ಮಂದಿ, ಟೀವಿ...
ಬರೀಬ್ಯಾಡ. ಬರದ್ರ ಕೇಳ್ತಾರ.”

ಮೂರಂತ ಒತ್ತಿದೆ.
ಮಷಿನು ಕುರ್ ಕುರ್ ಅಂತು, ಚೀಟಿ ಬಂತು,
ಹರದು ಗೇಟಿನ ಸರಳಿಗಿ ಸಿಗಿಸಿದೆ.
“ಯಾರೂ ಕೇಳಂಗಿಲ್ಲ ಕಾಕಾ.
ಸೊನ್ನಿ ಬಂದ್ರೇ
ಲೈನ್ ಕತ್ತರಿಸ್ಲಾ ಅಂತ ಕೇಳ್ತಾರ.”

ಅದು ಖರೇನೋ ಸುಳ್ಳೋ
ನನಗೂ ಪಕ್ಕಾ ಗೊತ್ತಿಲ್ಲ.

ಫರಸಿ ಕಾಯಲಾಕ ಹತ್ತಿತ್ತು.
ಚಪ್ಪಲಿ ಬಗಲಾಗಿನ ಹರಕು ಹಿಡಕೊಂಡು
ನೆರಳಿದ್ದ ಕಡಿಂದ ಮನಿಗಿ ನಡದೆ.